ಗೋಧಿ ಸೀಮೆಯ ಗುಳಿಗೆ

೧೯೯೯ರಲ್ಲಿ ನಾನು ಬರ್ ದುಬೈಯಲ್ಲಿ ಗೃಹಿಣಿಯಾಗಿದ್ದೆ. ‘ಗೃಹಿಣಿ, ದುಡಿಯಲು ಅನುಮತಿ ಇಲ್ಲ’ ಎಂದು ನನ್ನ ವೀಸಾದಲ್ಲೇ ಬರೆದಿತ್ತು. ಬೆಳಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿಯುವವಳಿಗೆ ಅದನ್ನು ಓದಿದಾಗಲೆಲ್ಲ ನಗು ಬರುತ್ತಿತ್ತು. ನನ್ನ ಇಪ್ಪತ್ತೆರಡು ವರ್ಷದ ಈ ನೌಕರಿಯಲ್ಲಿ ಮರೆಯಲಾಗದ ದಿನ ಒಂದೇ ಒಂದು. ಅದನ್ನು ಹೇಳಬೇಕೆಂದರೆ ಮೊದಲು ನಮ್ಮ ಊರನ್ನು ಹೇಳಬೇಕು.

ನಾನು ನವಲಗುಂದದ ಕಡೆಯವಳು. ಅಲ್ಲಿ ಗುಡ್ಡವಿಲ್ಲ, ಕಲ್ಲಿಲ್ಲ, ಕಣ್ಣು ಹಾಯುವ ತನಕ ಕರಿ ಎರೆ ಭೂಮಿ. ಮಳೆಗಾಲ ಮುಗಿದ ಮೇಲೆ ನೆಲದಲ್ಲಿ ಉಳಿದ ಹಸಿಯನ್ನು ನಂಬಿ ಗೋಧಿ ಬಿತ್ತುತ್ತಾರೆ. ಆಮೇಲೆ ಚಳಿ, ಇಬ್ಬನಿ, ಶಿವನ ದಯೆ. ನೀರು ಹಾಯಿಸುವ ಮಾತಿಲ್ಲ. ಹಾಗಾಗಿ ನಮ್ಮ ಜನಕ್ಕೆ ಕಾಯುವುದು ಗೊತ್ತು, ವಿವರಿಸಿ ಹೇಳುವುದು ಗೊತ್ತಿಲ್ಲ. ನಮ್ಮ ಅಜ್ಜನ ಕಾಲದಲ್ಲಿ ಕಾಳನ್ನು ಹಗೇವಿನಲ್ಲಿ, ಅಂದರೆ ಬಾವಿಯಂತೆ ನೆಲದೊಳಗೆ ತೋಡಿದ ಕಣಜದಲ್ಲಿ ಮುಚ್ಚಿಡುತ್ತಿದ್ದರು. ತೆಗೆಯುವ ದಿನ ಅದರ ಬಾಯಿ ತೆರೆದಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುವುದು ರೂಢಿ. ದೀಪ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಅಜ್ಜನ ಅಣ್ಣ ಒಮ್ಮೆ ಅವಸರ ಮಾಡಿ ಇಳಿದವರು ಮೇಲೆ ಬರಲಿಲ್ಲ. ಅಂದಿನಿಂದ ನಮ್ಮ ಮನೆಯ ಮಕ್ಕಳಿಗೆಲ್ಲ ಅಜ್ಜ ಒಂದು ಮಾತು ಬಾಯಿಪಾಠ ಮಾಡಿಸಿದ್ದರು: “ಕೆಟ್ಟ ಗಾಳಿ ಬಂದ್ರ ಮೂಗು ಮುಚ್ಚಬ್ಯಾಡ, ಕಾಲು ತಗಿ.”

ನನ್ನ ಕಾಲಕ್ಕೆ ಹಗೇವು ಹೋಗಿ ತಗಡಿನ ಕಣಜ ಬಂದವು. ಅವುಗಳ ಹಿಂದೆಯೇ ಹುಳ ಸಾಯಿಸುವ ಗುಳಿಗೆಗಳೂ ಬಂದವು. ಗಾಳಿ ತಾಗಿದರೆ ಸಾಕು, ಅವು ವಿಷದ ಅನಿಲ ಬಿಡುತ್ತವೆ. ಅಪ್ಪ ಕಣಜಕ್ಕೆ ಗುಳಿಗೆ ಹಾಕಿದರೆಂದರೆ ಆ ಕೋಣೆಗೆ ಬೀಗ, ನಮ್ಮ ಹಾಸಿಗೆ ಹೊರಗಿನ ಕಟ್ಟೆಗೆ. ಯಾಕೆಂದು ಯಾರೂ ಕೇಳುತ್ತಿರಲಿಲ್ಲ. ಇಡೀ ಊರಿಗೇ ಗೊತ್ತಿದ್ದ ವಿಷಯ.

ದುಬೈಯಲ್ಲಿ ನಮ್ಮದು ಷೇರಿಂಗ್ ಫ್ಲ್ಯಾಟು. ನಡುವೆ ಪ್ಲೈವುಡ್ ಗೋಡೆ ಹಾಕಿ ಎರಡು ಸಂಸಾರಕ್ಕೆ ಎರಡು ಕೋಣೆ ಮಾಡಿದ್ದರು, ಅಡುಗೆಮನೆ ಒಂದೇ. ಒಂದು ಕಡೆ ನಾವಿಬ್ಬರು ಮತ್ತು ನಾಲ್ಕು ವರ್ಷದ ಮಗಳು ಗೌರಿ. ಇನ್ನೊಂದು ಕಡೆ ಮಂಗಳೂರಿನ ಜೆಸಿಂತಾ ಮತ್ತು ಅವಳ ಗಂಡ. ಜೆಸಿಂತಾ ಹೋಟೆಲೊಂದರಲ್ಲಿ ಕೆಲಸಕ್ಕಿದ್ದಳು. ಗೌರಿ ಅವಳ ತೊಡೆಯ ಮೇಲೆಯೇ ಬೆಳೆದವಳು. ನಮ್ಮಿಬ್ಬರ ನಡುವೆ ಇದ್ದ ತೊಡಕು ಒಂದೇ, ಒಣಮೀನು. ಅವಳು ಹುರಿಯುವಾಗ ನಾನು ಬಾಗಿಲು ಹಾಕಿಕೊಂಡು, ಕೆಳಗಿನ ಸಂದಿಗೆ ಹಳೇ ಸೀರೆ ತುರುಕಿ ಕೂರುತ್ತಿದ್ದೆ. ಒಬ್ಬರ ಅನ್ನಕ್ಕೆ ಹೆಸರಿಡಬಾರದು ಎಂದು ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ.

ಆ ವರ್ಷ ಶಿವರಾತ್ರಿಯ ಹೊತ್ತಿಗೆ ಊರಿನಿಂದ ಬಂದವರ ಕೈಯಲ್ಲಿ ಅಪ್ಪ ಹತ್ತು ಕೆಜಿ ಸದಕ ಗೋಧಿ ಕಳಿಸಿದ್ದರು. ಹುಗ್ಗಿ, ಮಾದಲಿಯಂಥ ಹಬ್ಬದ ಸಿಹಿಗೆ ಅದೇ ಆಗಬೇಕು. ಚೀಲದೊಳಗೆ ಹುಳಕ್ಕೆಂದು ಗುಳಿಗೆಯ ಒಂದು ಸಣ್ಣ ಡಬ್ಬಿಯೂ ಇತ್ತು. ನಾನು ಅದನ್ನು ಒಡೆಯದೆ ಅಡುಗೆಮನೆಯ ಮೇಲಿನ ಹಲಗೆಯಲ್ಲಿಟ್ಟೆ.

ಅದೇ ವಾರ ಜೆಸಿಂತಾಳ ಮಂಚಕ್ಕೆ ತಿಗಣೆ ಹತ್ತಿದವು. “ಎಂತ ಮಾಡುವುದು ಅಕ್ಕ, ಮೈಯೆಲ್ಲ ತಿಂದು ಹಾಕಿದವು ಮಾರಾಯ್ರೇ” ಎಂದು ಕೈ ತೋರಿಸಿದಳು. ನಾನು ರೊಟ್ಟಿ ಬಡಿಯುತ್ತ ನಮ್ಮೂರಿನ ಬಡಾಯಿ ಕೊಚ್ಚಿದೆ: “ನಮ್ಮ ಕಡೆ ಒಂದ ಗುಳಿಗಿ ಇಟ್ರ ಕಣಜದಾಗ ಒಂದ ಹುಳ ಉಳಿಯಂಗಿಲ್ಲ ನೋಡವಾ.” ಹಲಗೆಯ ಕಡೆ ಗದ್ದ ಎತ್ತಿಯೂ ತೋರಿಸಿದೆ. ಗುಳಿಗೆ ಇಟ್ಟ ದಿನಗಳಲ್ಲಿ ನಾವು ಕಟ್ಟೆಯ ಮೇಲೆ ಮಲಗುತ್ತಿದ್ದೆವು ಎಂಬುದನ್ನು ಹೇಳಲಿಲ್ಲ. ಮುಚ್ಚಿಡಬೇಕೆಂದು ಅಲ್ಲ. ಅದು ಹೇಳಬೇಕಾದ ಮಾತು ಎಂದು ನನಗೆ ಹೊಳೆಯಲೇ ಇಲ್ಲ.

ಅಲ್ಲಿ ವಾರದ ರಜೆ ಶುಕ್ರವಾರ. ಜೆಸಿಂತಾ ಮತ್ತು ಗಂಡ ಬೆಳಗ್ಗೆಯೇ ಚರ್ಚಿಗೆ, ಅಲ್ಲಿಂದ ಶಾರ್ಜಾದ ನೆಂಟರ ಮನೆಗೆ ಹೋಗಿದ್ದರು. ನನ್ನ ಗಂಡ ಎಲೆಕ್ಟ್ರಿಷಿಯನ್, ಅವರಿಗೆ ಡ್ಯೂಟಿ. ನಮ್ಮ ಎಸಿ ಕೆಟ್ಟು ಮೂರು ದಿನವಾಗಿತ್ತು. ಬೈದುಕೊಳ್ಳುತ್ತಲೇ ಕಿಟಕಿ ತೆರೆದು ಗೌರಿಯನ್ನು ಅದರ ಕೆಳಗೆ ಮಲಗಿಸಿದೆ.

ಮಧ್ಯಾಹ್ನ ಎರಡರ ಸುಮಾರಿಗೆ ವಾಸನೆ ಬಂತು. ಬೆಳ್ಳುಳ್ಳಿ ಮತ್ತು ಕೊಳೆತ ಮೀನು ಕಲಸಿದಂಥ ವಾಸನೆ. ಅಭ್ಯಾಸಬಲದಿಂದ ಇವತ್ತೂ ಮೀನೇ ಎಂದುಕೊಂಡು ಎಂದಿನಂತೆ ಬಾಗಿಲು ಹಾಕಿ, ಸಂದಿಗೆ ಸೀರೆ ತುರುಕಿ, ಸೆರಗಿನಿಂದ ಮೂಗು ಮುಚ್ಚಿ ಜಪಕ್ಕೆ ಕೂತೆ. ತಲೆ ಸಿಡಿಯತೊಡಗಿತು. ನಿದ್ದೆಯಲ್ಲೇ ಗೌರಿ ವಾಂತಿ ಮಾಡಿಕೊಂಡಳು. ಅವಳಿಗೆ ನೀರು ತರಲು ಅಡುಗೆಮನೆಗೆ ಹೋದೆ. ಒಲೆ ತಣ್ಣಗಿತ್ತು. ಮನೆಯಲ್ಲಿ ಜೆಸಿಂತಾಳೇ ಇಲ್ಲವಲ್ಲ, ಮೀನು ಹುರಿದವರು ಯಾರು? ಕಣ್ಣು ತಾನಾಗಿ ಹಲಗೆಗೆ ಹೋಯಿತು. ಡಬ್ಬಿ ಇರಲಿಲ್ಲ. ಅವಳ ಕೋಣೆಯ ಬಾಗಿಲಿನ ಸುತ್ತ ಕಂದು ಟೇಪು ಅಂಟಿಸಿತ್ತು. ತಿಗಣೆಗೆಂದು ಗುಳಿಗೆ ಒಳಗಿಟ್ಟು ಹೋದವಳಿಗೆ ನಮ್ಮ ನಡುವಿನ ಪ್ಲೈವುಡ್ಡಿನ ಸಂದಿಗೂ ಅಂಟಿಸಬೇಕೆಂದು ಹೊಳೆದಿರಲಿಲ್ಲ.

ಅಜ್ಜನ ಮಾತು ಆಗ ಕೇಳಿಸಿತು. ಮೂಗು ಬಿಟ್ಟೆ, ಮಗುವನ್ನು ಎತ್ತಿದೆ, ಚಪ್ಪಲಿಯಿಲ್ಲದೆ ಮೂರು ಮಹಡಿ ಇಳಿದೆ.

ಆಸ್ಪತ್ರೆಯಲ್ಲಿ ಹೈದರಾಬಾದಿನ ವೈದ್ಯೆಯೊಬ್ಬರು ಮಗು ಏನು ತಿಂದಿದೆ ಎಂದು ಕೇಳಿದರು. ತಿಂದಿಲ್ಲ, ಗೋಧಿಗೆ ಹಾಕುವ ಗುಳಿಗೆಯ ಗಾಳಿ ಕುಡಿದಿದ್ದಾಳೆ ಎಂದು ನನ್ನ ಹರುಕು ಹಿಂದಿಯಲ್ಲಿ ಹೇಳಿದೆ. “ಇದಕ್ಕೆ ಪ್ರತಿಮದ್ದು ಇಲ್ಲಮ್ಮ. ಹೊರಗೆ ತಂದಿರಲ್ಲ, ಇದ್ದದ್ದು ಅದೊಂದೇ ಔಷಧ. ಇನ್ನು ಹೃದಯ ತಡೆದುಕೊಳ್ಳಬೇಕು” ಎಂದರು.

ಸಂಜೆ ಜೆಸಿಂತಾ ಓಡಿಬಂದಳು. ಎಲ್ಲಿಂದ ಬಂದ ವಿಷ ಎಂದು ಪೊಲೀಸರು ಕೇಳುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವಳು “ನನ್ನದು ಸರ್” ಎಂದುಬಿಟ್ಟಳು. ಸುಮ್ಮನಿದ್ದರೆ ಅವಳ ವೀಸಾ ಹೋಗುತ್ತದೆ, ನಮ್ಮದು ಉಳಿಯುತ್ತದೆ. ಶಿವನನ್ನು ನೆನೆದು ನಾನೂ ಹೇಳಿದೆ: “ಅಕಿದಲ್ರಿ, ನಂದು. ಊರಿಂದ ನಮ್ಮಪ್ಪ ಕಳಿಸಿದ್ದು. ನಾ ಅರ್ಧಾ ಅಷ್ಟ ಹೇಳಿದ್ದೆ.” ಪೊಲೀಸರಿಗೆ ಕನ್ನಡ ತಿಳಿಯದು. ಡ್ಯೂಟಿಯಿಂದ ಓಡಿಬಂದಿದ್ದ ನನ್ನ ಗಂಡ ನನ್ನ ಮುಖವನ್ನೊಮ್ಮೆ ನೋಡಿ, ಒಂದು ಅಕ್ಷರ ಬಿಡದೆ ಹಿಂದಿಗೆ ತಿರುಗಿಸಿದರು. ಪೊಲೀಸರು ಇಬ್ಬರ ಹೇಳಿಕೆಯನ್ನೂ ಬರೆದುಕೊಂಡರು. ಎರಡು ವಾರ ಅಲೆದಾಡಿದ ಮೇಲೆ ಇಬ್ಬರಿಂದಲೂ ಮುಚ್ಚಳಿಕೆ ಬರೆಸಿಕೊಂಡು “ಖಲಾಸ್” ಎಂದು ಕಳಿಸಿದರು.

ಗೌರಿ ಮೂರನೆಯ ದಿನ ಕಣ್ಣು ಬಿಟ್ಟು ಹುಗ್ಗಿ ಕೇಳಿದಳು. ಕೆಟ್ಟ ಎಸಿ, ತೆರೆದ ಕಿಟಕಿ, ತಣ್ಣಗಿದ್ದ ಒಲೆ ಎಂದು ಅವಳನ್ನು ಉಳಿಸಿದವುಗಳನ್ನು ದಿನವೂ ವಿಭೂತಿ ಹಚ್ಚಿಕೊಳ್ಳುವಾಗ ಒಂದೊಂದಾಗಿ ಎಣಿಸುತ್ತೇನೆ. ನನಗೆ ಗೊತ್ತಿದ್ದದ್ದು ಎದುರಿನವರಿಗೂ ಗೊತ್ತಿರುತ್ತದೆ ಎಂದುಕೊಳ್ಳಬಾರದು ಎಂಬುದನ್ನು ಈ ನೌಕರಿ ಹೀಗೆ ಕಲಿಸಿತು. ಮರ್ಯಾದೆಗೆಂದು ಮೂಗು ಮುಚ್ಚಿ ಕೂರುವುದನ್ನೂ ಬಿಟ್ಟೆ.

ಆಮೇಲೂ ಆರು ವರ್ಷ ನಾವು ಆ ಫ್ಲ್ಯಾಟಿನಲ್ಲೇ ಒಟ್ಟಿಗಿದ್ದೆವು. ಒಣಮೀನು ಹುರಿಯುವ ಮುನ್ನ ಜೆಸಿಂತಾ ಪ್ರತಿ ಸಲ ನಮ್ಮ ಬಾಗಿಲು ತಟ್ಟಿ, ತಟ್ಟೆ ಎತ್ತಿ ತೋರಿಸುತ್ತಿದ್ದಳು.

“ಅಕ್ಕ, ಇದು ಮೀನು.”

“ಹುರಿಯವಾ” ಎನ್ನುತ್ತಿದ್ದೆ. ಬಾಗಿಲು ತೆರೆದೇ ಇಡುತ್ತಿದ್ದೆ.