ಗುಂಡ್ಲುಪೇಟೆ ಮೈದಾನಕ್ಕೆ ಕಂಸಾಳೆ ಹಿಡಿದು ಹೋದದ್ದು

ನಮ್ಮ ಮಾದೇವಿ ಭಾರತದ ತಂಡದಲ್ಲಿ ಆಡಿದಳು. ಆಡಿ ಗೆದ್ದೂ ಬಂದಳು. ಮೊದಲು ಇದನ್ನು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವನು ನಾನು. ಅಕ್ಷರ ಸೊಟ್ಟಗಿದ್ದರೆ ಸಂತೋಷಕ್ಕೆ ಹಾಗಾಗಿದೆ ಅಂದುಕೊಳ್ಳಿ.

ಮಾದೇವಿ ನನ್ನ ಮಗನ ಮಗಳು. ಹುಟ್ಟಿನಿಂದಲೇ ಕಣ್ಣು ಕಾಣದು. ಮೈಸೂರಿನ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ, ಕ್ರಿಕೆಟ್ ಕಲಿತದ್ದೂ ಅಲ್ಲೇ. ಕಣ್ಣು ಕಾಣದ ಹೆಣ್ಣುಮಕ್ಕಳ ಭಾರತ ತಂಡಕ್ಕೂ ನೇಪಾಳ ತಂಡಕ್ಕೂ ಮೂರೇ ಆಟದ ಸರಣಿ ಇತ್ತು. ಎರಡು ಆಟ ಮೈಸೂರಲ್ಲಿ ಮುಗಿದು ಒಬ್ಬರಿಗೊಂದು ಗೆಲುವಾಗಿತ್ತು. ಎರಡರಲ್ಲೂ ಇವಳನ್ನು ಹೊರಗೆ ಕೂರಿಸಿದ್ದರು. ಮೂರನೆಯದು ಗುಂಡ್ಲುಪೇಟೆಯಲ್ಲಿ. ಹಿಂದಿನ ಸಂಜೆ ಫೋನು ಮಾಡಿ, "ತಾತ, ನಾಳೆನೂ ಆಡಿಸ್ನಿಲ್ಲ ಅಂದ್ರೆ ಇನ್ನೊಂದ್ಸಲ ನನ್ನ ಕರೆಯಾದು ಡೌಟು ಕಣ್ ತಾತ," ಅಂದಳು. ಅಷ್ಟೇ ಹೇಳಿ ಇಟ್ಟುಬಿಟ್ಟಳು.

ಮಗ, ಸೊಸೆ ಒಬ್ಬರ ಹೊಲದಲ್ಲಿ ಚೆಂಡುಹೂ ಕೀಳುವುದಕ್ಕೆ ಒಪ್ಪಿಕೊಂಡಿದ್ದರು, ಬಿಟ್ಟು ಬರುವ ಹಾಗಿರಲಿಲ್ಲ. ನಾನು, ನನ್ನ ಹೆಂಡತಿ ಸಿದ್ದಮ್ಮ ಇಬ್ಬರೇ ಉಮ್ಮತ್ತೂರಿನಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟೆವು. ನಮ್ಮ ಮನೆಯಲ್ಲಿ ಒಳ್ಳೆಯ ಕೆಲಸಕ್ಕೆ ಕಾಲಿಡುವವರನ್ನು ಕಂಸಾಳೆ ಬಾರಿಸಿ ಕಳಿಸುವುದು ರೂಢಿ. ಅಪ್ಪನ ಕಾಲದ ಕಂಚಿನ ತಾಳದ ಜೋಡಿಯನ್ನು ಟವೆಲ್ಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ.

"ಅದ್ಯಾಕ್ ಕಣಿ? ಮಾದಪ್ಪನ ಬೆಟ್ಟಕ್ ಓಯ್ತಾ ಇದ್ದೀವಾ?" ಅಂದಳು ಸಿದ್ದಮ್ಮ.

"ಕೂಸು ಆಟಕ್ ಇಳೀವಾಗ ಬರೀ ಕೈಲಿ ಕೂತ್ಕಳನಾ?" ಅಂದೆ.

ಕಂಡಕ್ಟರು ಅವಳಿಗೆ ಫ್ರೀ ಟಿಕೆಟು ಹರಿದು, ನನ್ನ ಮುಂದೆ ಕೈ ಚಾಚಿದ. ಸಿದ್ದಮ್ಮ ಆಧಾರ್ ಕಾರ್ಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ನನ್ನ ಸರ್ಕಾರ ಕರ್ಕೊಂಡ್ ಓಯ್ತದೆ. ನಿಮ್ಮನ್ನ ನೀವೇ ಕರ್ಕೊಂಡ್ ಬನ್ನಿ," ಅಂದಳು. ಇಡೀ ಬಸ್ಸು ನಕ್ಕಿತು.

ಚಾಮರಾಜನಗರದ ಬಸ್‌ಸ್ಟ್ಯಾಂಡಿನಲ್ಲಿ ನಾನು ಎರಡು ಇಡ್ಲಿ ತಿಂದೆ. ಅವಳು ಬರೀ ಟೀ ಕುಡಿದಳು. ಅಲ್ಲಿಂದ ಗುಂಡ್ಲುಪೇಟೆಗೆ ಒಂದು ಗಂಟೆ ಮೇಲಾಗುತ್ತದೆ. ತೆರಕಣಾಂಬಿ ದಾಟಿದ ಮೇಲೆ ಮಂಜು ಬಂತು. ರಸ್ತೆಯ ಎರಡೂ ಕಡೆ ಚೆಂಡುಹೂವಿನ ಹೊಲ, ಅದರ ಮೇಲೆ ಹಾಲು ಚೆಲ್ಲಿದ ಹಾಗೆ ಮಂಜು. ಹಳದಿ ಕಾಣುತ್ತಿತ್ತು, ಮತ್ತೆ ಮುಚ್ಚಿಹೋಗುತ್ತಿತ್ತು. ದೂರದ ಬೆಟ್ಟಕ್ಕೆ ಬುಡವೇ ಇಲ್ಲದೆ ತುದಿ ಮಾತ್ರ ತೇಲುತ್ತಿತ್ತು. ಬಸ್ಸು ನೆಲ ಮುಟ್ಟದೆ ಹೋಗುತ್ತಿದೆ ಅನ್ನಿಸಿತು. ಎಷ್ಟೋ ಸಲ ಕೂಲಿಗೆ ಇದೇ ದಾರಿಯಲ್ಲಿ ಹೋಗಿದ್ದೇನೆ, ಅವತ್ತು ಕಂಡ ಹಾಗೆ ಯಾವತ್ತೂ ಕಂಡಿರಲಿಲ್ಲ.

ಮೈದಾನದ ಗೇಟಿನಲ್ಲಿ ಕೇರಳದವನೊಬ್ಬ ಬಾಳೆಹಣ್ಣಿನ ಬಜ್ಜಿ ಕರಿಯುತ್ತಿದ್ದ. ಮೊಮ್ಮಗಳ ವಿಷಯ ಹೇಳಿದೆ. "ಇಂಡಿಯಾ ಟೀಮಾ? ಮುತ್ತಶ್ಶಾ, ಕೂತ್ಕೊಳ್ಳಿ!" ಅಂತ ಅವನ ಭಾಷೆಯಲ್ಲಿ ತಾತ ಅಂತ ಕರೆದು ಎರಡು ಬಜ್ಜಿ ಕೊಟ್ಟ. ಒಳಗೆ ಮೈಕಿನಲ್ಲಿ ಏನೇನೋ ಹೇಳುತ್ತಿದ್ದರು, ನಾವು ಬಜ್ಜಿ ಊದಿಕೊಂಡು ತಿನ್ನುತ್ತಿದ್ದೆವು. ಕಿವಿಗೆ ಬಿದ್ದದ್ದು ಹನ್ನೊಂದು ಹೆಸರು. ಹತ್ತನೆಯದು ಮಾದೇವಿ. ಸಿದ್ದಮ್ಮ ಕೈಲಿದ್ದ ಬಜ್ಜಿ ಬಿಟ್ಟು ಸೆರಗು ಕಣ್ಣಿಗೊತ್ತಿಕೊಂಡಳು.

ನೇಪಾಳದ ಮಕ್ಕಳು ಮೊದಲು ಆಡಿದರು. ಆಮೇಲೆ ನಮ್ಮವರು. ಇನ್ನು ನಾಲ್ಕು ಓವರು, ಇಪ್ಪತ್ತಾರು ರನ್ನು ಬೇಕು ಅನ್ನುವಾಗ ಒಬ್ಬಳು ಔಟಾದಳು. ಮಾದೇವಿ ಬಂದಳು. ಕಣ್ಣಿಗೆ ಕಪ್ಪು ಪಟ್ಟಿ, ಅವಳ ಪರವಾಗಿ ಓಡುವ ಹುಡುಗಿ ಕೈ ಹಿಡಿದು ತಂದು ನಿಲ್ಲಿಸಿದಳು. ಸ್ವಲ್ಪವೂ ಕಾಣದವರು ಹೊಡೆದ ರನ್ನು ಒಂದಕ್ಕೆರಡು ಅಂತ ಪಕ್ಕದವರು ಹೇಳಿದರು. ಟವೆಲ್ಲು ಬಿಚ್ಚಿದೆ. ಎದ್ದು ನಿಂತೆ. ಬಾರಿಸಿಯೇಬಿಟ್ಟೆ.

ಅದೇ ಗಳಿಗೆಗೆ ಆ ಕಡೆಯ ಹುಡುಗಿ "ಪ್ಲೇ" ಅಂದು ಚೆಂಡು ಉರುಳಿಸಿದ್ದಳು. ಮಾದೇವಿ ಗಾಳಿಗೆ ಬ್ಯಾಟು ಬೀಸಿದಳು. ಚೆಂಡು ಹೋಗಿ ವಿಕೆಟ್ಟಿಗೆ ಬಡಿದು ಠಣ್ ಅಂತು. ನೇಪಾಳದ ಮಕ್ಕಳು ಕುಣಿದಾಡಿದರು.

ಆ ಚೆಂಡಿನೊಳಗೆ ಗುಂಡು ಹಾಕಿರುತ್ತಾರೆ, ಅದು ಗಿಲಗಿಲ ಅನ್ನುವುದು ನನಗೆ ಗೊತ್ತಿದ್ದದ್ದೇ. ಮನೆಗೆ ಬಂದಾಗ ನಾನೇ ಅವಳಿಗೆ ಉರುಳಿಸಿಕೊಟ್ಟಿದ್ದೇನೆ. ಆದರೂ ಮರೆತೆ.

ಅಂಪೈರು ಎರಡೂ ಕೈ ಆಡಿಸಿದ, ಆ ಬಾಲು ಲೆಕ್ಕಕ್ಕಿಲ್ಲ ಅಂದ. ನೇಪಾಳದ ಕ್ಯಾಪ್ಟನ್ ಹುಡುಗಿಯೂ ತಲೆಯಾಡಿಸಿ ಒಪ್ಪಿದಳು. ಆಮೇಲೆ ಅಂಪೈರು ನಮ್ಮ ಹತ್ತಿರ ಬಂದು ಮೆಲ್ಲಗೆ, "ಯಜಮಾನ್ರೇ, ಈ ಮಕ್ಳು ನೋಡೋದೇ ಕಿವೀಲಿ. ಮೈಕಲ್ಲಿ ಹೇಳಿದ್ವಲ್ಲ," ಅಂದ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಮೈದಾನದ ಮಧ್ಯದಿಂದ ಮಾದೇವಿ ಕೂಗಿದಳು:

"ತಾತಾ! ಬಂದಿರೋದ್ ಗೊತ್ತಾಯ್ತು, ಈಗ ಸುಮ್ಕೆ ಕೂತ್ಕ!"

ಎರಡೂ ತಂಡ ನಕ್ಕವು. ಸಿದ್ದಮ್ಮ ಕಂಸಾಳೆ ಕಿತ್ತುಕೊಂಡು ಮಡಿಲಲ್ಲಿಟ್ಟು ಅದರ ಮೇಲೆ ಬಗ್ಗಿ ಕೂತಳು, ಅದು ಎಲ್ಲಿ ಉಸಿರೆತ್ತೀತೋ ಅನ್ನುವ ಹಾಗೆ.

ಆಮೇಲೆ ಎಂಥ ಮೌನ! ಅಷ್ಟು ಜನ ಒಟ್ಟಿಗೆ ಸುಮ್ಮನಿದ್ದದ್ದನ್ನು ನಾನು ಗುಡಿಯಲ್ಲೂ ಕಂಡಿಲ್ಲ. ನಾನೂ ಕಣ್ಣು ಮುಚ್ಚಿಕೊಂಡೆ. ಊಟಿ ರಸ್ತೆಯ ಲಾರಿ ಎಲ್ಲೋ ಕನಸಿನಲ್ಲಿ ಹೋದ ಹಾಗೆ ಹೋಯಿತು. "ರೆಡಿ?" "ಯೆಸ್." "ಪ್ಲೇ." ಮಡಕೆಯಲ್ಲಿ ಅವರೆಕಾಳು ಅಲ್ಲಾಡಿದ ಹಾಗೆ ಗಿಲಗಿಲ ಹುಟ್ಟಿತು, ಹತ್ತಿರ ಬಂತು, ಇನ್ನೂ ಹತ್ತಿರ. ನನಗೆ ಚೆಂಡು ಕಂಡಿತು. ಆಣೆಗೂ ಕಂಡಿತು, ಬೆಳ್ಳಗೆ, ಹುಲ್ಲಿನ ಮೇಲೆ. ಆಮೇಲೆ ಬ್ಯಾಟಿನ ಸದ್ದು. ಗಿಲಗಿಲ ದೂರ ಓಡಿತು, ಓಡುತ್ತಲೇ ಇತ್ತು, ಹಗ್ಗ ದಾಟಿತು. ನಾಲ್ಕು. ಅವಳ ಲೆಕ್ಕದಲ್ಲಿ ಎಂಟು!

ಒಟ್ಟು ಇಪ್ಪತ್ತು ಮಾಡಿ ಔಟಾಗದೆ ಉಳಿದಳು. ಒಂದು ಓವರು ಇರುವಂತೆಯೇ ಆಟವೂ ಸರಣಿಯೂ ನಮ್ಮದಾಯಿತು. ಕೋಚಮ್ಮ ಬಂದು, "ನಾಳೆ ಬೆಳಗ್ಗೆ ಕರ್ಕೊಂಡ್ ಬನ್ನಿ, ಇವತ್ತು ನಿಮ್ಮ ಮಗು ನಿಮಗೆ. ಮುಂದಿನ ಕ್ಯಾಂಪಿಗೆ ಇವಳ ಹೆಸರು ಬರೆದಾಯ್ತು," ಅಂದರು.

ವಾಪಸ್ಸು ಬಸ್ಸಿನಲ್ಲಿ ಅವಳನ್ನು ಕಿಟಕಿ ಪಕ್ಕ ಕೂರಿಸಿದೆವು. ಗಾಳಿಗೆ ಮುಖ ಕೊಟ್ಟುಕೊಂಡು, ಹೂವಿನ ಹೊಲ ಬಂದದ್ದು, ಮುಗಿದದ್ದು ಎಲ್ಲ ವಾಸನೆಯಲ್ಲೇ ಹೇಳುತ್ತಾ ಬಂದಳು.

ಹೊತ್ತು ಮುಳುಗುವಾಗ ಉಮ್ಮತ್ತೂರು ಸೇರಿದೆವು. ಸೊಸೆ ಮುದ್ದೆ ತಿರುವಿ, ಕೋಳಿಸಾರು ಮಾಡಿದ್ದಳು. ಮಗನ ಬೆರಳೆಲ್ಲ ಹೂವಿನ ಅರಿಶಿಣ. ಐದು ಜನ ಸುತ್ತ ಕೂತೆವು. ಎಲ್ಲರೂ ಅವಳು ಉಣ್ಣುವುದನ್ನೇ ನೋಡುತ್ತಿದ್ದೆವು. ಮಾದೇವಿ ತುತ್ತು ನುಂಗಿ ತಲೆ ಎತ್ತಿದಳು.

"ಯಾಕ್ ಎಲ್ರೂ ಸುಮ್ಕೆ ಕೂತಿದ್ದೀರಿ? ಇಲ್ಲೇನ್ ಬಾಲ್ ಬಂದದಾ? ಮಾತಾಡಿ!"

ಐದೂ ಜನ ಒಟ್ಟಿಗೇ ಮಾತಾಡಿದೆವು.