ಸ್ಟೀರಿಂಗಿನೊಳಗೆ ಹೋದ ಝಾರಾ

ಗೋಪನಕೊಪ್ಪದಲ್ಲಿ ನನ್ನದು ಲಾರಿ ರಿಪೇರಿ ಅಂಗಡಿ. ಮುಗದ ಊರಿನ ಮದುವೆಗೆ ಅಡುಗೆ ಪಾತ್ರೆ ಹೊತ್ತಿದ್ದ ಹಳೆಯ ಲಾರಿಯೊಂದು ಎದುರಿಗೇ ನಿಂತುಬಿಟ್ಟಿತು. ಚಾವಿ ತಿರುಗುತ್ತಿತ್ತು, ಎಂಜಿನ್ ಚಾಲೂ ಆಗುತ್ತಿರಲಿಲ್ಲ. ಅಂದರೆ, ಚಾವಿ ತಿರುಗಿದ್ದನ್ನು ಸ್ವಿಚ್ಚಿಗೆ ಮುಟ್ಟಿಸುವ ಸಣ್ಣ ಸರಳು ಸ್ಟೀರಿಂಗ್ ಕಂಬದೊಳಗೆ ಇರುತ್ತದೆ, ಅದು ಮುರಿದಿತ್ತು. ಅಷ್ಟು ಹಳೆಯ ಸಾಮಾನು ಈಗ ಸಿಗುವುದಿಲ್ಲ.

"ಎಷ್ಟು ದಪ್ಪ ಬೇಕ್ರಿ?" ಎಂದರು ಲಾರಿಯಲ್ಲಿದ್ದ ಅಡುಗೆಯ ಗಂಗಕ್ಕ. ಮುರಿದ ತುಂಡು ತೋರಿಸಿದೆ. ಅವರು ಬೂಂದಿ ಕರಿಯುವ ಝಾರಾ, ಅಂದರೆ ತೂತಿನ ಸೌಟು, ಎಳೆದು ಕೊಟ್ಟರು. "ಇದರ ಹಿಡಿಕಿ ಕತ್ತರಸ್ರಿ."

"ಗಿಡ್ಡ ಹಿಡಿಕ್ಯಾಗ ಬೂಂದಿ ಹೆಂಗ ಕರೀತೀರಿ ಅಕ್ಕಾ? ಕೈ ಸುಡ್ತೈತಿ."

"ಸುಡ್ಲಿ ಬಿಡ್ರಿ. ಬೀಗರು ಹಸಗೊಂಡು ಕುಂತ್ರ ನಡಿಯಂಗಿಲ್ಲ."

ಕತ್ತರಿಸಿ, ತುದಿ ಬಗ್ಗಿಸಿ ಕೂರಿಸಿದೆ. ಲಾರಿ ಒಂದೇ ಸಲಕ್ಕೆ ಚಾಲೂ ಆಯಿತು. ಗಂಗಕ್ಕ ಹತ್ತಿ ಕುಳಿತು ಡ್ರೈವರನಿಗೆ ಹೇಳಿದರು: "ಮುಂದ ಗಾಡಿ ಮಾರೂ ಮೊದಲ ನನ್ನ ಕೇಳಬೇಕಪಾ. ಇದರಾಗ ನಂದೂ ಪಾಲೈತಿ."