ಒಂದೇ ಬಟ್ಟಲಿನ ನೆರಳು

ಕ್ಷ-ಕಿರಣಗಳನ್ನು ಕಂಡುಹಿಡಿದ ಜರ್ಮನಿಯ ಭೌತವಿಜ್ಞಾನಿಗೆ ನಮ್ಮ ಪಠ್ಯಪುಸ್ತಕದಲ್ಲಿ ಇರುವ ಜಾಗ ಅರ್ಧ ಪುಟ. ರೋಣದ ಕಾಲೇಜಿನಲ್ಲಿ ನಾನು ಆ ಅರ್ಧ ಪುಟವನ್ನು ಒಂದು ಪೂರ್ತಿ ತಾಸು ಎಳೆಯುತ್ತೇನೆ. ಆತ ಬಟ್ಟೆ ವ್ಯಾಪಾರಿಯ ಮಗ ಎಂದಾಗ ಗಜೇಂದ್ರಗಡದ ಕಡೆಯಿಂದ ಬರುವ ನೇಕಾರರ ಮಕ್ಕಳು ಸ್ವಲ್ಪ ನೆಟ್ಟಗೆ ಕೂರುತ್ತಾರೆ. ಶಾಲೆಯಲ್ಲಿ ಯಾರೋ ಮೇಷ್ಟ್ರ ವ್ಯಂಗ್ಯಚಿತ್ರ ಬರೆದರು, ಬರೆದವನ ಹೆಸರು ಹೇಳಲು ಈತ ಒಪ್ಪಲಿಲ್ಲ, ಅದಕ್ಕೆ ಇವನನ್ನೇ ಹೊರಗೆ ಹಾಕಿದರು ಎಂದಾಗ ಹಿಂದಿನ ಬೆಂಚಿನವರೂ ಕೇಳುತ್ತಾರೆ. ಕಪ್ಪು ಕಾಗದ ಸುತ್ತಿದ ಗಾಜಿನ ಕೊಳವೆ, ಕತ್ತಲ ಕೋಣೆ, ದೂರದಲ್ಲಿ ತಾನಾಗಿ ಮಿನುಗಿದ ಪರದೆ. ಕೊನೆಗೆ ಹೆಂಡತಿಯ ಕೈ. ಬೆರಳುಗಳ ಎಲುಬು, ಒಂದು ಎಲುಬಿನ ಸುತ್ತ ಕಪ್ಪಗೆ ಉಂಗುರ.

ಆ ಉಂಗುರವನ್ನು ತೆಗೆಯಲು ಆಕೆಗೆ ಯಾರಾದರೂ ಹೇಳಿದ್ದರೇ ಎಂದು ಯಾವ ವಿದ್ಯಾರ್ಥಿಯೂ ಕೇಳಿಲ್ಲ. ನಾನೂ ಕೇಳಿಕೊಂಡಿರಲಿಲ್ಲ, ಈ ವರ್ಷದವರೆಗೆ.

ನಮ್ಮ ಮನೆಯಲ್ಲಿ ಅಂಥದೇ ಒಂದು ಹಾಳೆ ಇದೆ. ನನ್ನ ಅವ್ವನ ಎದೆಯದು. ನಾನು ಸಣ್ಣ ತರಗತಿಯಲ್ಲಿದ್ದಾಗ ಅವ್ವ ತೀರಿಕೊಂಡಳು. ಅವಳ ಕೆಮ್ಮಿಗೆಂದು ನರಗುಂದದ ದವಾಖಾನೆಯಲ್ಲಿ ತೆಗೆಸಿದ ಎಕ್ಸ್-ರೇ ಅದು. ಅವ್ವನ ತವರು ನರಗುಂದ, ಅಲ್ಲಿ ಆಗಷ್ಟೇ ಯಂತ್ರ ಬಂದಿತ್ತು. ಅಪ್ಪ, ಅಪ್ಪನ ಅವ್ವ ಅಂದರೆ ನನ್ನ ಅಜ್ಜಿ, ಅವ್ವ ಮತ್ತು ನಾನು ಬಸ್ಸಿನಲ್ಲಿ ಹೋಗಿದ್ದೆವು. ಇಷ್ಟು ನನಗೆ ನೆನಪಿದೆ ಎಂದು ಬರೆಯಬಹುದು. ಮುಂದಿನದು ನೆನಪೋ, ಕೇಳಿ ಕೇಳಿ ಕೂಡಿಬಂದದ್ದೋ ಖಾತ್ರಿಯಿಲ್ಲ.

ಮನೆಯಲ್ಲಿ ಹೇಳುವ ಕಥೆ ಹೀಗಿದೆ. ಕೊರಳಲ್ಲಿರುವುದನ್ನು ತೆಗೆದಿಟ್ಟು ಬರಬೇಕು ಎಂದು ಒಳಗಿನಿಂದ ಹೇಳಿದರು. ಅಜ್ಜಿ ಒಪ್ಪಲಿಲ್ಲ. ತಾಳಿಯ ಬದಲು ಅರಿಶಿಣದ ಬೇರನ್ನು ದಾರಕ್ಕೆ ಕಟ್ಟಿಕೊಂಡರೆ ನಡೆಯುತ್ತದೆ ಎಂದು ಅಲ್ಲಿದ್ದ ಒಬ್ಬ ಹೆಂಗಸು ಹೇಳಿದಳಂತೆ, ಅದಕ್ಕೂ ಒಪ್ಪಲಿಲ್ಲ. ಅವ್ವ ಅಪ್ಪನ ಮುಖ ನೋಡಿದಳು. ಅಪ್ಪ, "ನಮ್ಮವ್ವ ಹೇಳಿದ್ಹಂಗ ಮಾಡು" ಎಂದ. ಅವ್ವ ಒಳಗೆ ಹೋಗಿ ಬಂದಳು. ಆಮೇಲೆ ಡಾಕ್ಟರು ಹಾಳೆಯನ್ನು ಕಿಟಕಿಗೆ ಹಿಡಿದು, ನಡುವೆ ಗುಂಡಗೆ ಬೆಳ್ಳಗೆ ಕಂಡದ್ದನ್ನು ತೋರಿಸಿ, ತಾಳಿ ತೆಗೆದಿದ್ದಿರೇನು ಎಂದು ಕೇಳಿದರು. ಅವರು ಮೈಸೂರು ಕಡೆಯವರು. ಅಜ್ಜಿ ಮುಂದೆ ಬಂದು ಹೇಳಿದಳು:

"ನಮ್ಮ ಮನ್ಯಾಗ ಗಂಡ ಇರೂತನ ಕೊಳ್ಳಾಗಿಂದು ತಗಿಯೂದಿಲ್ರಿ."

ಡಾಕ್ಟರು ನಕ್ಕರಂತೆ. ಹಾಗಾದರೆ ಇದು ಅದೇ, ಮತ್ತೊಮ್ಮೆ ಬನ್ನಿ, ಆಗ ತೆಗೆದಿಟ್ಟು ಬನ್ನಿ ಎಂದು ಕೆಮ್ಮಿನ ಔಷಧಿ ಬರೆದುಕೊಟ್ಟರು. ಮತ್ತೊಮ್ಮೆ ಹೋಗಲಿಲ್ಲ. ಮುಂದಿನ ನಾಗರಪಂಚಮಿಗೆ ಅವ್ವ ಇರಲಿಲ್ಲ.

ಹಾಳೆ ಮಾತ್ರ ಉಳಿಯಿತು. ಒಂದು ಸಲ ಸೂರ್ಯಗ್ರಹಣದ ದಿನ ಓಣಿಯವರೆಲ್ಲ ಹಳೆಯ ಎಕ್ಸ್-ರೇ ಹಾಳೆ ಹುಡುಕುತ್ತಿದ್ದಾಗ ಕಾಕಾ ಇದನ್ನು ತಂದು ಅವ್ವನ ಪಕ್ಕೆಲುಬುಗಳ ನಡುವಿನಿಂದ ಸೂರ್ಯನನ್ನು ನೋಡಿದ. ಅಪ್ಪ ಮಗ್ಗದ ಕುಣಿಯಿಂದ ಎದ್ದು ಬಂದು ಕಸಿದುಕೊಂಡ. ಆಮೇಲೆ ಅದನ್ನು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟ, ಯಾರಿಗೂ ಕೊಡಲಿಲ್ಲ.

ಈ ವರ್ಷ ಅಪ್ಪನಿಗೇ ಕೆಮ್ಮು ಹತ್ತಿತು. ನಮ್ಮೂರು ಗಜೇಂದ್ರಗಡದಲ್ಲೇ ಎಕ್ಸ್-ರೇ ತೆಗೆಸಿದೆ. ಅಪ್ಪನ ಕೊರಳಲ್ಲಿ ತಾಮ್ರದ ತಾಯತ ಇತ್ತು. ಯಂತ್ರದ ಹುಡುಗಿ ನಗುತ್ತ, "ತಗೀರಿ ಅಜ್ಜಾ, ಇಲ್ಲಂದ್ರ ನಿಮ್ಮ ತಾಯತಾನ ರೋಗ ಅಂತ ಬರಕೊಡತಾರ" ಎಂದಳು. ನಾನೂ ನಕ್ಕೆ. ಅಪ್ಪ ನಗಲಿಲ್ಲ. ಅವನಿಗೆ ಬಂದದ್ದು ಬರೀ ಕಫ, ಹೆದರಬೇಕಾದ್ದೇನೂ ಇರಲಿಲ್ಲ. ಆದರೆ ಮನೆಗೆ ಬಂದವನೇ ಟ್ರಂಕು ತೆಗೆಸಿದ. ಕಣ್ಣಿನ ಪೊರೆಯಿಂದ ಅವನಿಗೆ ಈಗ ಸರಿಯಾಗಿ ಕಾಣುವುದಿಲ್ಲ, ಮಗ್ಗ ಬಿಟ್ಟು ಬಹಳ ದಿನವಾಯಿತು. ಸೀರೆಗಳ ಕೆಳಗೆ ಕೈಯಾಡಿಸಿ ಹಾಳೆ ಹುಡುಕಿ ನನಗೆ ಕೊಟ್ಟ.

"ಯವ್ವಾ, ನೀ ಇದನ್ನ ಕಲಿಸಾಕಿ. ತಾಳಿ ಹಿಂದ ಏನರ ಇತ್ತೇನು, ಯಾರನ್ನರ ಕೇಳಿ ನೋಡು. ಅವತ್ತ ತಗಿ ಅಂದಿದ್ರ ಆಕಿ ಉಳೀತಿದ್ಲೇನು?"

ಇಷ್ಟು ವರ್ಷ ಅವನು ಇದನ್ನೇ ಯೋಚಿಸುತ್ತಿದ್ದ ಎಂದು ನನಗೆ ಗೊತ್ತಿರಲಿಲ್ಲ. ಅಜ್ಜಿಯ ಹಟ ಎಂದು ನಾವೆಲ್ಲ ಹೇಳುತ್ತಿದ್ದ ಕಥೆಯಲ್ಲಿ ಅಪ್ಪನ ಮಾತು ಯಾರ ಗಮನಕ್ಕೂ ಬಾರದಷ್ಟು ಸಣ್ಣದು. ಅವನಿಗೆ ಮಾತ್ರ ಅದೇ ಇಡೀ ಕಥೆಯಾಗಿತ್ತು.

ಹಾಳೆಯನ್ನು ರೋಣಕ್ಕೆ ತಂದು ಕೆಲವು ದಿನ ಸುಮ್ಮನಿದ್ದೆ. ತಾಳಿಯ ಹಿಂದೆ ರೋಗ ಇದ್ದರೂ, ಇತ್ತು ಎಂದು ಅಪ್ಪನಿಗೆ ಹೇಗೆ ಹೇಳುವುದು? ಆ ವಿಜ್ಞಾನಿಯ ಜೀವನ ಚರಿತ್ರೆಯನ್ನು ಮತ್ತೆ ಓದಿದೆ, ಯಾವ ಕಾರಣಕ್ಕೋ. ಆತನ ಹೆಂಡತಿ ಬಹಳ ಕಾಲ ಕಾಯಿಲೆ ಅನುಭವಿಸಿ ಆತನಿಗಿಂತ ಮೊದಲೇ ಹೋದಳು. ಅವಳ ನೋವಿಗೆ ಸೂಜಿಯನ್ನು ತಾನೇ ಚುಚ್ಚುತ್ತಿದ್ದನಂತೆ. ಮನುಷ್ಯರ ಮೈಯೊಳಗೆ ನೋಡುವ ದಾರಿ ಹುಡುಕಿದವನು, ಅದರ ಮೇಲೆ ಹಕ್ಕು ಕೂಡ ಕೇಳದೆ ಲೋಕಕ್ಕೆ ಬಿಟ್ಟವನು, ಮನೆಯಲ್ಲಿ ಅಷ್ಟನ್ನೇ ಮಾಡಬಲ್ಲವನಾಗಿದ್ದ. ಕೊನೆಯಲ್ಲಿ ತನ್ನ ಕಾಗದಪತ್ರಗಳನ್ನು ಸುಡಲು ಹೇಳಿ ಹೋದ. ಸುಟ್ಟರು. ಹಾಗಾಗಿ ಅವರ ಮನೆಯ ಮಾತು ಏನಿತ್ತೋ ಯಾರಿಗೂ ಗೊತ್ತಿಲ್ಲ. ಉಂಗುರದ ಕೈ ಉಳಿದಿದೆ.

ಒಂದು ಶನಿವಾರ ಮಧ್ಯಾಹ್ನ ನರಗುಂದಕ್ಕೆ ಹೋದೆ. ಹಳೆಯ ದವಾಖಾನೆ ಈಗಿಲ್ಲ, ಆ ಡಾಕ್ಟರೂ ಇಲ್ಲ. ಪರಿಚಯದ ಒಬ್ಬ ಡಾಕ್ಟರಮ್ಮ ಹಾಳೆಯನ್ನು ಬೆಳಕಿನ ಪೆಟ್ಟಿಗೆಯ ಮೇಲೆ ಇಟ್ಟರು. ಅಂಚುಗಳು ಕಂದಿದ್ದವು. ಟ್ರಂಕಿನ ನುಸಿಗುಳಿಗೆ ವಾಸನೆ ಕೋಣೆಯ ತುಂಬ ಹರಡಿತು. ಅವ್ವನ ಪಕ್ಕೆಲುಬು, ಹೆಗಲ ಮೂಳೆ, ಎದೆಯ ನಡುವೆ ಸ್ವಲ್ಪ ಬಲಕ್ಕೆ ಆ ಬಿಳಿ ಗುಂಡು. ನಾನು ಕಥೆ ಹೇಳಿದೆ. ಅವರು ಬಾಗಿ ಬಹಳ ಹೊತ್ತು ನೋಡಿದರು.

"ಇದು ಬಂಗಾರ ಅಲ್ರಿ ಮೇಡಂ. ಬಂಗಾರದ ಅಂಚು ಕತ್ತರಿಸಿದ್ಹಂಗ ಇರತೈತಿ. ಇದರ ಅಂಚು ನೋಡ್ರಿ, ಹತ್ತಿ ಹಿಂಜಿದ್ಹಂಗ ಐತಿ. ಇದು ಎದಿಯೊಳಗಿನ ಗಡ್ಡಿ."

ಹಾಗಾದರೆ ತಾಳಿ ಎಲ್ಲಿ ಎಂದು ಕೇಳಿದೆ.

"ಇದರಾಗ ತಾಳಿನ ಇಲ್ರಿ."

ಆಗ ನೋಡಿದೆ. ನಮ್ಮ ಕಡೆಯ ತಾಳಿಯಲ್ಲಿ ಬಂಗಾರದ ಗುಂಡು ಬಟ್ಟಲು ಎರಡು. ಒಂದು ತವರಿನದು, ಒಂದು ಗಂಡನ ಮನೆಯದು ಎನ್ನುತ್ತಾರೆ. ಅವ್ವನದೂ ಎರಡು ಬಟ್ಟಲಿನದೇ, ಅವಳ ಮದುವೆಯ ಫೋಟೋದಲ್ಲಿ ಕಾಣುತ್ತದೆ. ಹಾಳೆಯಲ್ಲಿ ಇದ್ದದ್ದು ಒಂದೇ ಗುಂಡು. ಕರಿಮಣಿ ಪೋಣಿಸಿದ ತಂತಿಯ ಗೆರೆಯೂ ಇರಲಿಲ್ಲ. ಎರಡು ಇರಬೇಕು ಎಂಬುದು ಮೈಸೂರು ಕಡೆಯ ಆ ಡಾಕ್ಟರಿಗೆ ಗೊತ್ತಿರಲಿಕ್ಕಿಲ್ಲ. ಅಜ್ಜಿಗೆ ಗೊತ್ತಿತ್ತು, ಅಪ್ಪನಿಗೆ ಗೊತ್ತಿತ್ತು, ಆದರೆ ಹಾಳೆಯನ್ನು ಅವರು ಓದುವವರಲ್ಲ. ನಾನು ಎರಡನ್ನೂ ಬಲ್ಲವಳು. ಗ್ರಹಣದ ದಿನವೂ ಆ ಗುಂಡನ್ನು ಕಂಡಿದ್ದೆ. ತಾಳಿ ಎಂದು ಹೇಳಿದ್ದರು, ತಾಳಿಯೇ ಕಂಡಿತು.

ಅವ್ವ ಒಳಗೆ ಹೋಗಿ ತಾಳಿ ತೆಗೆದಿದ್ದಳು. ಎಕ್ಸ್-ರೇ ತೆಗೆಸಿಕೊಂಡು, ತಾಳಿ ಮತ್ತೆ ಹಾಕಿಕೊಂಡು, ಹೊರಗೆ ಬಂದಿದ್ದಳು. ಡಾಕ್ಟರು ಕೇಳಿದಾಗ ಅಜ್ಜಿ ಉತ್ತರಿಸಿದಳು. ಅವ್ವ ಪಕ್ಕದಲ್ಲೇ ನಿಂತಿದ್ದಳು.

ಆವತ್ತೇ ಗೊತ್ತಾಗಿದ್ದರೆ ಉಳಿಯುತ್ತಿದ್ದಳೇ ಎಂದು ಅಪ್ಪನ ಪ್ರಶ್ನೆಯನ್ನೇ ಕೇಳಿದೆ. ಹೇಳಲಾಗದು, ಹುಬ್ಬಳ್ಳಿಗೆ ಬೇಗ ಹೋಗಿದ್ದರೆ ಒಂದು ಅವಕಾಶವಂತೂ ಇರುತ್ತಿತ್ತು ಎಂದರು ಡಾಕ್ಟರಮ್ಮ. ಹಾಳೆಯನ್ನು ಮೆಲ್ಲಗೆ ಚೀಲಕ್ಕೆ ಹಾಕಿಕೊಟ್ಟರು.

ನರಗುಂದದಿಂದ ರೋಣ, ರೋಣದಿಂದ ಗಜೇಂದ್ರಗಡ. ಬಸ್ಸಿನಲ್ಲಿ ನನಗೆ ಅವ್ವ ಆ ಕೋಣೆಯಿಂದ ಹೊರಬಂದದ್ದು ನೆನಪಾಯಿತು. ಎರಡೂ ಕೈ ಕತ್ತಿನ ಹಿಂದೆ, ಏನನ್ನೋ ಸಿಕ್ಕಿಸಿ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ನನ್ನನ್ನು ನೋಡಿ ಕೈ ಇಳಿಸಿದಳು. ಎಷ್ಟು ಸ್ಪಷ್ಟವಾಗಿತ್ತೆಂದರೆ ಅವಳ ಮೊಣಕೈ ಹತ್ತಿರದ ಹಸಿರು ಹಚ್ಚೆ ಕೂಡ ಕಂಡಿತು. ಆದರೆ ಆ ನೆನಪು ಬೆಳಿಗ್ಗೆ ನನ್ನಲ್ಲಿ ಇರಲಿಲ್ಲ. ಇಷ್ಟು ವರ್ಷದ ಯಾವ ದಿನಚರಿಯಲ್ಲೂ ನಾನು ಅದನ್ನು ಬರೆದಿಲ್ಲ. ಬೇಕಾದಾಗ ಬೇಕಾದ್ದನ್ನು ನೇಯ್ದುಕೊಡುವ ಮಗ್ಗ ತಲೆಯೊಳಗಿದೆ ಎಂದು ಗೊತ್ತಿರುವುದರಿಂದ ಅದನ್ನು ಸಾಕ್ಷಿ ಎಂದು ಇಲ್ಲಿ ಬರೆಯುತ್ತಿಲ್ಲ. ಬಂತು ಎಂದಷ್ಟೇ ಬರೆಯುತ್ತಿದ್ದೇನೆ.

ಅಪ್ಪನಿಗೆ ಏನು ಹೇಳುವುದು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ನಿನ್ನ ಮಾತಿನಿಂದ ಏನೂ ಆಗಲಿಲ್ಲ, ಅವಳು ತಾಳಿ ತೆಗೆದೇ ಇದ್ದಳು ಎಂದರೆ ಅವನ ಪ್ರಶ್ನೆಗೆ ಅದು ಉತ್ತರ. ಖರೆಯ ಉತ್ತರವೂ ಹೌದು. ಅಲ್ಲಿಗೇ ನಿಲ್ಲಿಸಬಹುದು ಎಂದುಕೊಂಡೆ.

ಸಂಜೆ ಅಪ್ಪ ಹೊಸ್ತಿಲ ಹತ್ತಿರ ಕೂತಿದ್ದ. ಪಕ್ಕದ ಮನೆಯ ಮಗ್ಗ ಇನ್ನೂ ನಡೆಯುತ್ತಿತ್ತು. ನಾನು ಯೋಚಿಸಿಕೊಂಡಷ್ಟನ್ನೇ ಹೇಳಿದೆ. ಅದು ತಾಳಿಯಲ್ಲ, ಗುಂಡು ಒಂದೇ ಇದೆ, ಅವ್ವ ತೆಗೆದಿದ್ದಳು ಎಂದೆ. ಅವನ ಮುಖ ಒಂದು ಕ್ಷಣ ಹಗುರಾಯಿತು. ನಾನು ಕಂಡದ್ದು ಹಾಗೆ. ಆಮೇಲೆ ಅವನು ತಲೆ ಬಗ್ಗಿಸಿದ.

"ತಗದಿದ್ಲು ಅಂದ್ರ, ಡಾಕ್ಟರ್ ಕೇಳಿದಾಗ ಯಾಕ ಹೇಳಲಿಲ್ಲ?"

ಈ ಪ್ರಶ್ನೆಗೆ ನಾನು ಸಿದ್ಧಳಾಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವನು ಕೇಳಲಿಕ್ಕಿಲ್ಲ ಎಂದು ನಂಬಿದ್ದೆ.

"ಅಜ್ಜಿ ಅಲ್ಲೇ ಇದ್ಲಲ್ಲಪಾ" ಎಂದೆ.

ಪಕ್ಕದ ಮಗ್ಗದ ಲಾಳಿ ಅತ್ತಿತ್ತ ಓಡುತ್ತಲೇ ಇತ್ತು.

"ನಾನೂ ಅಲ್ಲೇ ಇದ್ದೆ" ಎಂದ ಅಪ್ಪ.

ಅವನು ಕೈ ಚಾಚಿದ. ಹಾಳೆಯನ್ನು ಚೀಲದಿಂದ ತೆಗೆದು ಅವನ ತೊಡೆಯ ಮೇಲೆ ಇಟ್ಟೆ. ಎಲ್ಲೈತಿ ಎಂದು ಕೇಳಿದ. ಅವನ ತೋರುಬೆರಳು ಹಿಡಿದು ಗುಂಡಿನ ಮೇಲೆ ಇಟ್ಟೆ. ನೂಲಿನ ಗಂಟು ಹುಡುಕುವವನಂತೆ ಸ್ವಲ್ಪ ಒತ್ತಿ ನೋಡಿದ. ಹಾಳೆ ನುಣ್ಣಗಿತ್ತು, ಬೆರಳಿಗೆ ಸಿಗುವಂಥದು ಅಲ್ಲಿ ಏನೂ ಇರಲಿಲ್ಲ.

ಮುಂದಿನ ವಾರ ಕಾಲೇಜಿನಲ್ಲಿ ಆ ಪಾಠ ಇದೆ. ಅಪ್ಪ ಹಾಳೆಯನ್ನು ಮತ್ತೆ ಟ್ರಂಕಿನಲ್ಲಿ ಇಡಲು ಬಿಡಲಿಲ್ಲ. ನಾನು ರೋಣಕ್ಕೆ ಹೊರಡುವಾಗಲೂ ಅದು ಅವನ ತೊಡೆಯ ಮೇಲೆ ಇತ್ತು.